ಅಡಿಕೆ ಲೆಕ್ಕದ ಪೈಥಾನಿಗೆ ಸಿ ಜೋಡಿಸಿದ್ದು: ನನ್ನ ಅನುಭವ

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಹಳೆಯ ಟೆಂಡರ್ ಲೆಕ್ಕಗಳನ್ನು ಜಾಲಾಡಲು ನನ್ನ ಪೈಥಾನ್ ಪ್ರೋಗ್ರಾಂ ಆರೇಳು ನಿಮಿಷ ತೆಗೆದುಕೊಳ್ಳುತ್ತಿತ್ತು. ಈಗ ಹತ್ತು ಸೆಕೆಂಡಿನೊಳಗೆ ಮುಗಿಸುತ್ತದೆ. ಸಿ ಎಕ್ಸ್‌ಟೆನ್ಷನ್ (ಪೈಥಾನಿಗೆ ಜೋಡಿಸುವ, ವೇಗದ ಸಿ ಭಾಷೆಯ ತುಣುಕು) ಮಾಡುತ್ತೇನೆಂದಾಗ ಬೆಂಗಳೂರಿನ ಗೆಳೆಯರು ನಕ್ಕು, ದೊಡ್ಡ ಸರ್ವರ್ ಬಾಡಿಗೆಗೆ ಹಿಡಿ ಎಂದಿದ್ದರು. ತಿಂಗಳಿಗೆ ಸುಮಾರು ನಾಲ್ಕು ಸಾವಿರ! ಮಳೆಗಾಲದಲ್ಲಿ ಇಲ್ಲಿ ಇಂಟರ್ನೆಟ್ ನಿಂತರೆ ಆ ಸರ್ವರಿಗೆ ದಾರಿ ಎಲ್ಲಿ?

ಈ ಕೆಲಸವನ್ನು ಮೊದಲು ಹಿಡಿದಿದ್ದವರು ಹದಿನೈದು ಸಾವಿರದಷ್ಟು ಮುಂಗಡ ಪಡೆದು ಅರ್ಧಕ್ಕೆ ಬಿಟ್ಟಿದ್ದರು. ಅವರ ಸಿ ಕೋಡಿಗೆ ಮೂಟೆಯ ತೂಕ ಕೊಟ್ಟರೆ ಎಲ್ಲವೂ ಸರಿ. ದರ ಕೊಟ್ಟರೆ ಕ್ರ್ಯಾಶ್, ಅದೂ ಸಂಬಂಧವೇ ಇಲ್ಲದ ಜಾಗದಲ್ಲಿ. ಪ್ರತಿ ವಸ್ತುವಿಗೂ ಎಷ್ಟು ಕಡೆಯಿಂದ ಹಿಡಿತ (ರೆಫರೆನ್ಸ್) ಇದೆ ಎಂದು ಪೈಥಾನ್ ಎಣಿಸುತ್ತದೆ, ಎಣಿಕೆ ಸೊನ್ನೆಯಾದರೆ ವಸ್ತುವನ್ನು ಅಳಿಸುತ್ತದೆ. ಲಿಸ್ಟಿನಿಂದ (ಪಟ್ಟಿಯಿಂದ) ಒಂದನ್ನು ತೆಗೆದುಕೊಡುವ ಪೈಲಿಸ್ಟ್_ಗೆಟ್‌ಐಟಂ ಕೊಡುವುದು ಎರವಲು ರೆಫರೆನ್ಸ್, ನಾವು ಬಿಡಬೇಕಾದದ್ದಲ್ಲ. ಅದಕ್ಕೂ ಎಣಿಕೆ ಒಂದು ಇಳಿಸುವ ಡೆಕ್‌ರೆಫ್ ಹಾಕಿದ್ದರು. ತೂಕ ಅರವತ್ತು, ಎಪ್ಪತ್ತು ಕಿಲೋ ತಾನೆ? −5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಪೈಥಾನ್ ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಪೈಥಾನಿನ 3.12ನೇ ಆವೃತ್ತಿಯಿಂದ ಅವು ಅಮರ, ಡೆಕ್‌ರೆಫ್ ಎಷ್ಟು ಹಾಕಿದರೂ ಎಣಿಕೆ ಇಳಿಯದು. ಕ್ವಿಂಟಲ್ ದರವಾದರೋ ಸಾವಿರಗಳಲ್ಲಿ, 256ಕ್ಕಿಂತ ಎಷ್ಟೋ ಮೇಲೆ. ಆ ವಸ್ತು ನಿಜವಾಗಿಯೂ ಸಾಯುತ್ತದೆ, ಲಿಸ್ಟ್ ಮಾತ್ರ ಅದರ ವಿಳಾಸ ಹಿಡಿದು ಕುಳಿತಿರುತ್ತದೆ. 3.13ರಲ್ಲಿ ಎರವಲಲ್ಲದ, ನಮ್ಮದೇ ರೆಫರೆನ್ಸ್ ಕೊಡುವ ಪೈಲಿಸ್ಟ್_ಗೆಟ್‌ಐಟಂರೆಫ್ ಬಂದಿದೆ, ಸುಖವಾಗಿದೆ. ಆದರೆ ವ್ಯಾಪಾರಿಯ ಕಂಪ್ಯೂಟರಿನಲ್ಲಿ ಇದ್ದದ್ದು 3.12.

ಡಿಕ್ಷನರಿಯ (ಕೀಲಿ ಕೊಟ್ಟರೆ ಅದರ ಮೌಲ್ಯ ಕೊಡುವ ಕೋಷ್ಟಕ) ಕಾಟ ಇದಕ್ಕೆ ತಿರುಗುಮುರುಗು. ಪೈಲಿಸ್ಟ್_ಸೆಟ್‌ಐಟಂ ನಾವು ಕೊಟ್ಟ ರೆಫರೆನ್ಸನ್ನು ತಾನೇ ನುಂಗುತ್ತದೆ. ಪೈಡಿಕ್ಟ್_ಸೆಟ್‌ಐಟಂ ನುಂಗುವುದಿಲ್ಲ, ನಮ್ಮದನ್ನು ನಾವೇ ಬಿಡಬೇಕು. ಬಿಡದ ಕಾರಣ ಮೆಮೊರಿ ಎರಡು ಜಿಬಿ ದಾಟುತ್ತಿತ್ತು, ಇದ್ದದ್ದೇ ನಾಲ್ಕು. ಫಂಕ್ಷನ್ನನ್ನು ಲಕ್ಷ ಸಲ ಸುತ್ತಿಸಿ, ಎಲ್ಲ ಸಂಖ್ಯೆಗಳನ್ನೂ 256ಕ್ಕಿಂತ ಮೇಲೆ ಇಟ್ಟು ನೋಡಿದೆ. ಸೋರುವ ಜಾಗಗಳೆಲ್ಲ ಒಂದೇ ಸಂಜೆ ಸಿಕ್ಕವು.

ನಡುವೆ ಒಂದು ತಮಾಷೆ. 'ಒದ್ದೆ' ಎಂದು ಗುರುತು ಹಾಕುವ ಕಾಲಂನ ಟ್ರೂ (ಹೌದು), ತೂಕದ ಕಾಲಂಗೆ ಜಾರಿ ಒಂದು ಕಿಲೋ ಆಗಿ ಕೂಡಿಕೊಳ್ಳುತ್ತಿತ್ತು. ಹೌದು-ಅಲ್ಲಗಳ ಬೂಲ್ ಕೂಡ ಪೂರ್ಣಾಂಕದ ಇಂಟ್‌ನ ಸಂತಾನವೇ; ಪೂರ್ಣಾಂಕವೇ ಎಂದು ನೋಡುವ ಪೈಲಾಂಗ್_ಚೆಕ್ ಅದನ್ನು ತಡೆಯುವುದಿಲ್ಲ. ಈಗ ಮೊದಲು ಪೈಬೂಲ್_ಚೆಕ್.

ಡಿಕ್ಷನರಿಯ ಕೀಲಿ, ಅಂದರೆ ಅಡಿಕೆಯ ಬಗೆಯ ಹೆಸರು, ಸಿ ಕಡೆ ಹತ್ತು ಬೈಟಿನಲ್ಲಿ ಹಿಡಿಯುತ್ತದೆಯೇ ಎಂದೂ ಪ್ರಯೋಗಿಸಿದೆ. 'ರಾಶಿ' ಪೈಥಾನಿಗೆ ನಾಲ್ಕು ಚಿಹ್ನೆ, ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ಹನ್ನೆರಡು ಬೈಟು. ಕೊನೆಯ ಗುಡಿಸು ತುಂಡಾಯಿತು. 'ಕೆಂಪುಗೋಟು' ಇನ್ನೂ ಉದ್ದ. ಅಲ್ಲಿಗೆ ಆ ಆಸೆ ಬಿಟ್ಟೆ.

ಒಂದೊಂದು ಲಾಟಿಗೂ ಹೊಸ ವಸ್ತು ಸೃಷ್ಟಿಸದೆ ಕೆಲಸ ಮುಗಿಸುವ ಒಂದು ಉಪಾಯವಿದೆ, ವೇಗದ ಅರ್ಧ ಪಾಲು ಅದರದ್ದೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ವ್ಯಾಪಾರಿಯಿಂದ ಬಂದದ್ದು ಮೂವತ್ತು ಸಾವಿರದ ಆಸುಪಾಸು. ಯಲ್ಲಾಪುರದಿಂದ ಇನ್ನೊಬ್ಬರು ವಿಚಾರಿಸಿದ್ದಾರೆ, ಐವತ್ತು ಹೇಳಿದ್ದೇನೆ.