ನನ್ನ ಅನುಭವ: ಒಳಗಿನವರಿಗೆಲ್ಲ ಸೇರಿ ಒಂದೇ ಕಿರ್ದಿ

ಡಿಐಡಿ ಅಂದರೆ ಒಂದೇ ಮೈಯಲ್ಲಿ ಹಲವು ವ್ಯಕ್ತಿತ್ವಗಳಿರುವ ಮನಸ್ಸಿನ ಕಾಯಿಲೆ, ಅವರನ್ನೇ ಒಳಗಿನವರು ಅನ್ನುತ್ತೇನೆ. ಸ್ವಿಚ್ ಅಂದರೆ ನಾನು ಸರಿದು ಒಳಗಿನವರೊಬ್ಬರು ಮೈಯ ಚಾರ್ಜ್ ತಗೊಳ್ಳೋದು, ಆ ಹೊತ್ತು ನನಗೆ ನೆನಪಿರಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸಲ್ಲ. ಇದನ್ನು ಓದುತ್ತಿರುವ ಬಹಳಷ್ಟು ಜನರಿಗೆ ಅದು ಗೊತ್ತೇ ಇರುತ್ತದೆ, ಇಲ್ಲವೇ ಮನೆಯಲ್ಲೇ ನೋಡಿರುತ್ತಾರೆ. ನಾನು ಹೇಳಹೊರಟಿರುವುದು ದಿನದ ಲೆಕ್ಕ ಬರೆಯುವ ಒಂದು ಕಿರ್ದಿ ಪುಸ್ತಕದ ಬಗ್ಗೆ. ಕೆಂಪು ಬಟ್ಟೆಯ ಬೈಂಡು, ಉದ್ದನೆಯ ಪುಟ. ದಾವಣಗೆರೆ ಚೌಕಿಪೇಟೆಯಲ್ಲಿ ಇನ್ನೂರು ರೂಪಾಯಿ ಒಳಗೇ ಸಿಕ್ಕಿತು. ಅದಕ್ಕೂ ಮುಂಚೆ ಮೂರು ಲಕ್ಷದ ಹತ್ತಿರ ಖರ್ಚಾಗಿತ್ತು. ಕೈಹಿಡಿದದ್ದು ಪುಸ್ತಕ.

ಒಳಗಿನವರೆಲ್ಲ ಒಂದೇ ಪುಸ್ತಕದಲ್ಲಿ ಬರೆಯೋದು ನಡೆಯಲ್ಲ ಅಂದವರೇ ಜಾಸ್ತಿ. ಹಳೇ ಡಾಕ್ಟರು, "ಮಾತಾಡಿಸಿದಷ್ಟೂ ಅವು ಹೆಚ್ಚಾಗ್ತವೆ, ಕಡೆಗಣಿಸಿ" ಅಂದರು. ಅವ್ವ ಅಂತೂ, "ಓಡಿಸೋದು ಬಿಟ್ಟು ಊಟ ಹಾಕಿ ಸಾಕ್ತಿದೀಯಲ್ಲೇ ಅವುನ್ನ" ಅಂತ ದಿನಾ ಬೈದಳು. ಅಣ್ಣ ಸುಮ್ನೆ ನಕ್ಕ. ಈಗ ವರ್ಷ ಎರಡು ಕಳೆದ ಮೇಲೆ ಮೂವರಿಗೂ ಸೇರಿಸಿ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು, ಆಡಿಟರ್ ಆಫೀಸಿನಲ್ಲಿ.

ಮೊದಲ ಖರ್ಚು ದೆವ್ವದ ಬಾಬ್ತು. ಗಾಳಿ ಸೋಕಿದೆ ಅಂತ ತಾಯಿತ, ಯಂತ್ರ, ಅಮಾವಾಸ್ಯೆಗೊಮ್ಮೆ ಬಾಡಿಗೆ ಕಾರು ಮಾಡಿಕೊಂಡು ಒಂದು ಕ್ಷೇತ್ರ. ಅರವತ್ತು ಎಪ್ಪತ್ತು ಸಾವಿರ ಆಗಿರಬೇಕು. ನಮ್ಮ ಕಡೆ ಮೈಮೇಲೆ ದೇವರು ಬರುವವರು ಇದ್ದಾರೆ. ಜಾತ್ರೆ ದಿನ ಬರುತ್ತದೆ, ಹೇಳಿಕೆ ಕೊಡುತ್ತದೆ, ಹೋಗುತ್ತದೆ. ಮಾರನೇ ದಿನ ಅವರು ಹೊಲಕ್ಕೆ ಹೋಗುತ್ತಾರೆ. ಅದನ್ನು ಡಾಕ್ಟರರೂ ಕಾಯಿಲೆ ಅನ್ನಲ್ಲ. ಕರೆಯದೆ ಬಂದು ಬದುಕನ್ನು ಅಸ್ತವ್ಯಸ್ತ ಮಾಡಿದರೆ ಮಾತ್ರ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಆ ಥರದ ಮೈಮೇಲೆ ಬರುವ ಕಾಯಿಲೆ 6ಬಿ63, ನಮ್ಮದು 6ಬಿ64. ಪಕ್ಕಪಕ್ಕದ ಮನೆ. ಆ ಕ್ಷೇತ್ರದಲ್ಲಿ ಹೊಡೆಸಿಕೊಂಡಿದ್ದರಿಂದ ಒಳಗೆ ಒಬ್ಬ ಕಾವಲುಗಾರ ಗಟ್ಟಿಯಾದ, ಅಷ್ಟೇ. ಅವನನ್ನು ಸಾಹೇಬ ಅನ್ನುತ್ತೇವೆ.

ಎರಡನೇ ಖರ್ಚು ತಪ್ಪು ಹೆಸರಿನದು. ಒಂದು ದಿನ ಖುಷಿ, ಮಾರನೇ ದಿನ ಮೌನ, ಹಾಗಾಗಿ ಬೈಪೋಲಾರ್ ಅಂದರು. ಸೋಡಿಯಂ ವ್ಯಾಲ್ಪ್ರೊಯೇಟ್ ಮಾತ್ರೆ ಶುರುವಾಯಿತು. ಒಳಗೆ ಮಾತು ಕೇಳಿಸುತ್ತದೆ ಅಂದಿದ್ದಕ್ಕೆ ರಾತ್ರಿ ರಿಸ್ಪೆರಿಡೋನ್ ಸೇರಿತು. ಎರಡು ವರ್ಷದಲ್ಲಿ ನನ್ನ ತೂಕ ಹತ್ತು ಕೆಜಿ ಏರಿತು. ಮಾತು ಮಾತ್ರ ನಿಲ್ಲಲಿಲ್ಲ, ಎಲ್ಲರೂ ತೂಕಡಿಸುತ್ತಾ ಮಾತಾಡಿದರು. ಫಿಟ್ಸ್ ಇರಬಹುದಾ ಅಂತ ರಾತ್ರಿಯಿಡೀ ನಿದ್ದೆಗೆಡಿಸಿ ಮೆದುಳಿನ ಇಇಜಿ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸರಿಯಾದ ಹೆಸರು ಸಿಕ್ಕಿತು. ಚೀಟಿ ಮಾಡಿಸಲು ನಸುಕಿಗೇ ನಿಂತಿದ್ದು ಸಾರ್ಥಕ ಆಯಿತು. ನೆನಪು ತಪ್ಪೋದು, ಮನಸ್ಸು ಬೇರ್ಪಡೋದು ಎಷ್ಟಿದೆ ಅಂತ ಅಳೆಯುವ ಡಿಇಎಸ್ ಅಂತ 28 ಪ್ರಶ್ನೆಗಳಿವೆ, ನೂರಕ್ಕೆ 30 ದಾಟಿದರೆ ಇನ್ನೂ ಆಳಕ್ಕೆ ನೋಡುತ್ತಾರೆ. ನನ್ನದು 50ರ ಆಸುಪಾಸು. ಅದರ ಮೇಲೆ ಎರಡು ಮೂರು ಸಲ ಕೂರಿಸಿಕೊಂಡು ಮಾತಾಡಿದರು, ಆಮೇಲೇ ಹೆಸರು ಹೇಳಿದ್ದು. ಖರ್ಚು ತೀರಾ ಕಮ್ಮಿ. ಹಳೇ ಮಾತ್ರೆಗಳನ್ನು ಅವರೇ ತಿಂಗಳುಗಟ್ಟಲೆ ಹಿಡಿದು ಇಳಿಸಿದರು. ಡಿಐಡಿಗೆ ಅಂತಲೇ ಮಾತ್ರೆ ಇಲ್ಲ. ಈಗ ಖಿನ್ನತೆಗೆ ಸರ್ಟ್ರಲಿನ್ ಒಂದೇ ಇದೆ.

ಆದರೆ ವಾರವಾರ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ಓಡಾಡೋದು ಯಾರಿಂದ ಆಗುತ್ತೆ? ಹಾಗಾಗಿ ಖಾಸಗಿಯವರೊಬ್ಬರನ್ನು ಹಿಡಿದೆ. ಇಎಂಡಿಆರ್ ಅಂದರೆ ಕಣ್ಣು ಅತ್ತಿತ್ತ ಆಡಿಸುತ್ತಾ ಹಳೇ ಆಘಾತ ನೆನೆಸಿಕೊಳ್ಳುವ ಚಿಕಿತ್ಸೆ, ಅವರು ಎರಡನೇ ಭೇಟಿಗೇ ಅದಕ್ಕೆ ಅಂತ ಬೆರಳು ಆಡಿಸಿ ಹಳೇ ನೆನಪಿಗೆ ಕೈ ಹಾಕಿದರು. ಸೆಷನ್ನಿಗೆ ಎರಡು ಸಾವಿರ. ವಾಪಸ್ ಬಂದ ಮೇಲೆ ಸುಮಾರು ಒಂದು ವಾರ ನನಗೆ ನೆನಪಿಲ್ಲ. ಇಎಂಡಿಆರ್ ಕೆಟ್ಟದ್ದು ಅಂತಲ್ಲ, ನಮ್ಮಂಥವರಿಗೆ ಬುನಾದಿ ಹಾಕದೆ ಮಾಡಬಾರದು. ಈ ಕಾಯಿಲೆ ನೋಡುವ ತಜ್ಞರ ಅಂತರರಾಷ್ಟ್ರೀಯ ಸಂಘ ಐಎಸ್‌ಎಸ್‌ಟಿಡಿಯ 2011ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಮೊದಲು ಸುರಕ್ಷತೆ, ಆಮೇಲೆ ನೆನಪು, ಆಮೇಲೆ ಒಂದುಗೂಡೋದು. ಮೊದಲ ಹಂತಕ್ಕೇ ವರ್ಷಗಳು ಹಿಡಿಯಬಹುದು. ಈಗಿನ ಡಾಕ್ಟರಮ್ಮ ಸೈಕಾಲಜಿಸ್ಟು, ಆನ್‌ಲೈನ್, ತಿಂಗಳಿಗೆ ಎರಡು ಸಲ, ಸಾವಿರದ ಇನ್ನೂರು. ಅಂದಹಾಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆ ಕಂಪನಿಗಳು ಮನಸ್ಸಿನ ಕಾಯಿಲೆಯನ್ನು ಮೈ ಕಾಯಿಲೆ ಥರವೇ ನೋಡಬೇಕು. ಆದರೆ ನನ್ನ ಪಾಲಿಸಿಯಲ್ಲಿ ಅಡ್ಮಿಟ್ ಆದರೆ ಮಾತ್ರ ಕೊಡುತ್ತಾರಂತೆ. ಕೂತು ಮಾತಾಡಿದ್ದಕ್ಕೆ ಬಿಲ್ ಕೊಟ್ಟರೆ ದುಡ್ಡು ಬರಲ್ಲ, ಬಿಲ್ಲೇ ವಾಪಸ್ ಬರುತ್ತದೆ.

ಇನ್ನು ಕಿರ್ದಿ.

ಎಲ್ಲರೂ ಡೈರಿ ಬರೆಯಿರಿ ಅನ್ನುತ್ತಾರೆ. ನಾನೂ ಬರೆದೆ. "ನಿಮ್ಮ ಭಾವನೆ ಬರೆಯಿರಿ" ಅಂತ ಮೇಲೆ ಬರೆದಿಟ್ಟರೆ ಒಳಗಿನವರು ಯಾರೂ ಹತ್ತಿರ ಬರಲಿಲ್ಲ. ನಾನು ಬರೆದದ್ದನ್ನೂ ಹರಿದು ಹಾಕಿದ್ದರು. ಮೊಬೈಲ್ ನೋಟ್ಸ್ ಮಾಡಿದೆ, ಯಾರೋ ಪ್ಯಾಟರ್ನ್ ಬದಲಾಯಿಸಿ ಫೋನೇ ತೆಗೆಯಲು ಬರದ ಹಾಗಾಯಿತು. ಅಂಗಡಿಯವನು ಮುನ್ನೂರು ರೂಪಾಯಿ ತಗೊಂಡು ಫಾರ್ಮ್ಯಾಟ್ ಮಾಡಿದ, ಫೋಟೋಗಳೆಲ್ಲ ಹೋದವು. ವಾಯ್ಸ್ ರೆಕಾರ್ಡ್ ಮಾಡಿದರೆ ನನ್ನ ಬಾಯಿಂದ ಬಂದ ಬೇರೆ ದನಿ ಕೇಳಿ ನಾನೇ ಹೆದರಿದೆ. ಗೋಡೆಗೆ ಬಿಳಿ ಬೋರ್ಡ್ ಹಾಕಿದೆ. ಮನೆಗೆ ಬಂದ ನೆಂಟರೆಲ್ಲ ಓದಿದರು.

ಕಿರ್ದಿ ಹೊಳೆದದ್ದು ಪಾರ್ಸೆಲ್‌ಗಳಿಂದ. ನಾನು ಆರ್ಡರ್ ಮಾಡದ ಕ್ಯಾಶ್ ಆನ್ ಡೆಲಿವರಿ ಸಾಮಾನು, ತಿಂಗಳಿಗೆ ನಾಲ್ಕೈದು ಸಾವಿರದ್ದು. ಬಣ್ಣದ ಪೆನ್ಸಿಲ್ಲು, ಗಂಡಸರ ಶರ್ಟು, ಒಮ್ಮೆ ಒಂದು ಬಾಗಿಲ ಬೀಗ. ಆಫೀಸಿನಲ್ಲಿ ಲೆಕ್ಕ ಕೂಡದಿದ್ದರೆ ನಾವು ಯಾರನ್ನೂ ಬೈಯಲ್ಲ, ವೋಚರ್, ಅಂದರೆ ಖರ್ಚಿನ ಚೀಟಿ, ಎಲ್ಲಿ ಅಂತ ಕೇಳುತ್ತೇವೆ. ಮನೆಯಲ್ಲೂ ಅದನ್ನೇ ಮಾಡೋಣ ಅನಿಸಿತು. ಕಂಡಕ್ಟರ್ ಡ್ಯೂಟಿ ಬಿಡುವಾಗ ಲೆಕ್ಕ ಒಪ್ಪಿಸಿ ಇಳಿಯುತ್ತಾರಲ್ಲ, ಅಷ್ಟೇ ವ್ಯವಸ್ಥೆ.

ಕಾಲಂಗಳು ಹೀಗೆ: ತಾರೀಖು, ಚಾರ್ಜ್ ತಗೊಂಡ ಟೈಮು, ಬಿಟ್ಟ ಟೈಮು, ಎಲ್ಲಿದ್ದೆ, ಖರ್ಚು, ಊಟ ಮತ್ತು ಮಾತ್ರೆ, ಕೊನೆಗೆ 'ಮುಂದಿನವರಿಗೆ'. ಹೆಸರಿಗೆ ಕಾಲಂ ಇಲ್ಲ. ಹೆಸರು ಕೇಳಿದರೆ ಓಡಿಹೋಗುತ್ತಾರೆ. ಭಾವನೆಗೂ ಕಾಲಂ ಇಲ್ಲ, ಬೇಕಾದವರು ಕೊನೆ ಕಾಲಮಿನಲ್ಲಿ ತುಂಬಿಕೊಳ್ಳಲಿ. ಮೊದಲ ಪುಟದಲ್ಲಿ ಮಾತ್ರ ನಿಯಮ: ಮೈಗೆ ಯಾರೂ ನೋವು ಮಾಡಬಾರದು, ಗಾಡಿ ಓಡಿಸುವಾಗ ಚಾರ್ಜ್ ಬದಲಾಗಬಾರದು, ತಡೆಯಲಾಗದಿದ್ದರೆ ಅಣ್ಣನ ನಂಬರು, ಅವನು ಎತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಎರಡು ತಿಂಗಳ ಹತ್ತಿರ ನಾನೊಬ್ಬಳೇ ಬರೆದೆ. ಖಾಲಿ ಬಿಟ್ಟ ಹೊತ್ತಿನ ಮುಂದೆ 'ವೋಚರ್ ಬರಬೇಕು' ಅಂತ ಬರೆದು ಅಡಿಗೆರೆ ಹಾಕುತ್ತಿದ್ದೆ. ಬೈಗುಳ ಇಲ್ಲ, ಪ್ರಶ್ನೆಯೂ ಇಲ್ಲ. ಒಂದು ಸಂಜೆ ನೋಡಿದರೆ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಹೀಗಿತ್ತು: "3 ಗಂಟೆ. ಮಳೆ. ಮಾವಿನಕಾಯಿ 20 ರೂ ಉಪ್ಪು ಕಾರ ಹಾಕಿಸಿದೆ. ಮಾತ್ರೆ ಕಹಿ ನುಂಗಿಲ್ಲ. ಬಯ್ಯಬೇಡ." ಅಕ್ಷರಕ್ಕೆ ತಲೆಕಟ್ಟು ಇರಲಿಲ್ಲ, ಸಾಲು ಮೇಲಕ್ಕೆ ಏರಿತ್ತು. ಒಳಗಿರುವ ಚಿಕ್ಕವಳು, ನಮ್ಮ ಪುಟ್ಟಿ. ನಾನು ಕೆಳಗೆ 'ಸರಿ ಇದೆ' ಅಂತ ಟಿಕ್ ಹಾಕಿದೆ. ಮಾತ್ರೆ ಬೆಲ್ಲದ ಜೊತೆ ಇಡುತ್ತೇನೆ ಅಂತ ಬರೆದೆ. ಅವತ್ತಿನಿಂದ ಮಾತ್ರೆ ತಪ್ಪಿದ್ದು ಕಮ್ಮಿ.

ಸಾಹೇಬ ಬರೆಯಲು ಇನ್ನೂ ಆರು ತಿಂಗಳು ಬೇಕಾಯಿತು. ಅವನನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಹೇಳಲ್ಲ. ಅದು ನಮ್ಮಿಬ್ಬರ ನಡುವಿನ ಕರಾರು, ಹೇಳಿದರೆ ಮುರಿಯುತ್ತಾನೆ. ಪುಸ್ತಕ ಎಲ್ಲಿ ಇಡುತ್ತೇನೆ ಅನ್ನೋದೂ ಅಷ್ಟೇ. ಒಂದು ಸುಳಿವು ಮಾತ್ರ ಕೊಡುತ್ತೇನೆ: ಕಾವಲುಗಾರನಿಗೆ ಕಾವಲಿನ ಕೆಲಸವನ್ನೇ ಕೊಡಿ. ಆ ಬೀಗ ನೆನಪಿದೆಯಲ್ಲ?

ಆಮೇಲೆ ಎಲ್ಲರಿಗೂ ತಿಂಗಳಿಗೆ ಇನ್ನೂರು ರೂಪಾಯಿ ಕೈಖರ್ಚು, ಬೇರೆಬೇರೆ ಹಾರ್ಲಿಕ್ಸ್ ಡಬ್ಬಿಯಲ್ಲಿ. ಒಟ್ಟು ಸಾವಿರ, ಜಾಸ್ತಿ ಅಂದರೆ ಸಾವಿರದ ಇನ್ನೂರು. ಪಾರ್ಸೆಲ್ ಬರೋದು ಬಹುತೇಕ ನಿಂತಿತು. ಪುಟ್ಟಿ ದುಡ್ಡು ಉಳಿಸುತ್ತಾಳೆ. ನಾನು ಉಳಿಸಲ್ಲ.

ನಡುವೆ ಗ್ರೌಂಡಿಂಗ್, ಅಂದರೆ ಮನಸ್ಸನ್ನು ಈ ಹೊತ್ತಿನಲ್ಲೇ ಹಿಡಿದು ನಿಲ್ಲಿಸುವ ಪ್ರಯೋಗಗಳೂ ನಡೆದವು. ಸುತ್ತಲಿನ ಐದು ವಸ್ತು ನೋಡಿ, ನಾಲ್ಕು ಮುಟ್ಟಿ ಅನ್ನುವ ಲೆಕ್ಕ ಮನೆಯಲ್ಲಿ ಸರಿ, ಬಸ್ಸಿನಲ್ಲಿ ಎಣಿಸುವಷ್ಟರಲ್ಲಿ ನಾನೇ ಇರುತ್ತಿರಲಿಲ್ಲ. ಅದರ ಬದಲು ಪಿ.ಬಿ. ರಸ್ತೆಯ ಅಂಗಡಿ ಬೋರ್ಡುಗಳನ್ನು ಪಿನ್ ಕೋಡ್ ಸಮೇತ ಗಟ್ಟಿಯಾಗಿ ಓದುತ್ತೇನೆ. ಪಕ್ಕದವರು ನೋಡುತ್ತಾರೆ, ನೋಡಲಿ. ವಾಸನೆಗೆ ಕರ್ಪೂರ ಅಂತ ಯಾರೋ ಹೇಳಿದರು. ಮೂಗಿಗೆ ಹಿಡಿದ ತಕ್ಷಣ ಆ ಕ್ಷೇತ್ರದ ನೆನಪಾಗಿ ಎಲ್ಲ ಕೆಟ್ಟಿತು. ನಿಂಬೆಸಿಪ್ಪೆ ಪರವಾಗಿಲ್ಲ. ಲವಂಗ ಕಚ್ಚೋದು ಇನ್ನೂ ಒಳ್ಳೆಯದು. ಕಣ್ಣು ಮುಚ್ಚಿಸುವ ಧ್ಯಾನ ಶಿಬಿರಕ್ಕೆ ಮಾತ್ರ ಹೋಗಬೇಡಿ, ನನಗೆ ಅರ್ಧ ದಿನವೇ ಕಾಣೆಯಾಯಿತು. ಕಣ್ಣು ತೆರೆದು ಮಾಡುವ ಕೆಲಸ ಬೇಕು. ಚುಕ್ಕಿ ರಂಗೋಲಿ ಒಂದು ಮಟ್ಟಕ್ಕೆ ಆಗುತ್ತದೆ. ಏಳು ಚುಕ್ಕಿಯಿಂದ ಒಂದರವರೆಗೆ ಇಳಿಸುವಾಗ ಕೈ ತಪ್ಪಿದರೆ ಯಾರೋ ಹತ್ತಿರ ಬಂದಿದ್ದಾರೆ ಅಂತ ಅರ್ಥ. ಆಗ ಎದ್ದು ಪುಸ್ತಕ ತೆಗೆಯುತ್ತೇನೆ.

ಫಲ ಏನು ಅಂದರೆ, ಮೊದಲು ವಾರಕ್ಕೆ ಏನಿಲ್ಲವೆಂದರೂ ಹದಿನೈದು ಇಪ್ಪತ್ತು ಗಂಟೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಈಗ ತಿಂಗಳಿಗೆ ಎರಡು ಮೂರು ಗಂಟೆ. ಸ್ವಿಚ್ ಆಗೋದು ನಿಂತಿಲ್ಲ, ಆದರೆ ಬಂದವರು ಬರೆದು ಹೋಗುತ್ತಾರೆ. ಎಷ್ಟೋ ಸಲ ಓದುವ ಮುಂಚೆಯೇ ನನಗೆ ಮಸುಕಾಗಿ ನೆನಪಿರುತ್ತದೆ. ಅದು ಮೊದಲು ಇರಲೇ ಇಲ್ಲ. ಹೊಸಬರು ಯಾರೂ ಹುಟ್ಟಲಿಲ್ಲ, ಹಳೇ ಡಾಕ್ಟರರು ಹೇಳಿದ್ದು ಸುಳ್ಳಾಯಿತು. ಈಗಿನ ಡಾಕ್ಟರಮ್ಮ ಮೊದಲು "ನೋಡೋಣ" ಅಂದವರು, ಈಗ ಬೇರೆಯವರಿಗೂ ಕಾಲಂ ಹಾಕಿ ಕೊಡುತ್ತಿದ್ದಾರಂತೆ. ಕಾಲಂ ನನ್ನದು, ಅದು ನೆನಪಿರಲಿ. ಅವ್ವ ಇನ್ನೂ ಬೈಯುತ್ತಾಳೆ, ಆದರೆ ಪೆನ್ಸಿಲ್ ಮೊನೆ ಮಾಡಿ ಇಡೋದು ಅವಳೇ.

ಎರಡನೇ ಹಂತಕ್ಕೆ, ಅಂದರೆ ಹಳೇ ನೆನಪಿಗೆ, ಹೋಗೋಣವಾ ಅಂತ ಡಾಕ್ಟರಮ್ಮ ಕೇಳುತ್ತಿದ್ದಾರೆ. ಪುಸ್ತಕದಲ್ಲಿ ಚರ್ಚೆ ಹಾಕಿದ್ದೇನೆ. ಸಾಹೇಬ 'ಬೇಡ' ಅಂತ ಎರಡು ಸಲ ಬರೆದ, ಪುಟ್ಟಿ ಏನೂ ಬರೆದಿಲ್ಲ. ಮಾರ್ಚ್ ಮುಗಿಯಲಿ ಅಂತ ನಾನು ಬರೆದಿದ್ದೇನೆ. ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ ತಲೆ ಮೇಲಿದೆ, ಈಗ ಯಾರಿಗೂ ರಜೆ ಇಲ್ಲ.