ಮೊದಲ ಕಾರೇ ಹಳೇ ಸ್ಪೋರ್ಟ್ಸ್ ಕಾರ್ ಆಗಬೇಕಾ? ಹೀಗೆ ಆರಿಸಿ

ಲೈಸೆನ್ಸ್ ಕೈಗೆ ಬಂದ ಮೊದಲ ವಾರದಲ್ಲೇ ಈ ಆಸೆ ಹುಟ್ಟುತ್ತದೆ. ಹೊಸ ಸಣ್ಣ ಕಾರಿಗೆ ಕೊಡುವ ದುಡ್ಡಿಗೆ ಹದಿನೈದು ಇಪ್ಪತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರ್ ಸಿಗುತ್ತದೆ ಅಂತ ಗೊತ್ತಾದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಹಿರಿಯರು ಬೇಡವೇ ಬೇಡ ಅನ್ನುತ್ತಾರೆ. ನಾನು ಪೂರ್ತಿ ಬೇಡ ಅನ್ನುವವನಲ್ಲ. ಡ್ರೈವಿಂಗ್ ಕಲಿಸುವುದರಲ್ಲಿ ಒಳ್ಳೆಯ ಹಳೇ ಸ್ಪೋರ್ಟ್ಸ್ ಕಾರಿನಂಥ ಮೇಷ್ಟ್ರು ಸಿಗುವುದು ಕಷ್ಟ. ಆದರೆ ಒಳ್ಳೆಯದು ಅಂದರೆ ಜೋರಾಗಿ ಓಡುವಂಥದ್ದಲ್ಲ. ಹಗುರವಾಗಿರಬೇಕು, ಶಕ್ತಿ ಕಡಿಮೆ ಇರಬೇಕು, ಹಿಂದಿನ ಮಾಲೀಕ ಅದನ್ನು ಮುತುವರ್ಜಿಯಿಂದ ನೋಡಿಕೊಂಡಿರಬೇಕು. ಅಂಥದ್ದನ್ನು ಹುಡುಕುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು ಇನ್ಶೂರೆನ್ಸ್ ಕೇಳಿ

ಕಾರು ನೋಡುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಹಲವು ದೇಶಗಳಲ್ಲಿ ಚಿಕ್ಕ ವಯಸ್ಸಿನ ಚಾಲಕರಿಗೆ ಪ್ರೀಮಿಯಂ ಜಾಸ್ತಿ. ಕಾರು ಸ್ಪೋರ್ಟ್ಸ್ ಮಾದರಿಯಾದರೆ ಇನ್ನೂ ಜಾಸ್ತಿ. ಕಾರಿನ ಬೆಲೆಗಿಂತ ಮೊದಲ ವರ್ಷದ ಇನ್ಶೂರೆನ್ಸೇ ದುಬಾರಿ ಅನ್ನುವ ಸ್ಥಿತಿಯೂ ಬರಬಹುದು. ಮೂರ್ನಾಲ್ಕು ಮಾದರಿಗಳ ಹೆಸರು, ವರ್ಷ, ಎಂಜಿನ್ ಗಾತ್ರ ಬರೆದುಕೊಂಡು ಪ್ರತಿಯೊಂದಕ್ಕೂ ಎಷ್ಟಾಗುತ್ತದೆ ಅಂತ ವಿಚಾರಿಸಿ. ಅರ್ಧ ಪಟ್ಟಿ ಅಲ್ಲೇ ಖಾಲಿಯಾಗುತ್ತದೆ.

ಉಳಿದ ದುಡ್ಡಿನಲ್ಲಿ ಕಾಲು ಭಾಗವನ್ನು ಪಕ್ಕಕ್ಕೆ ಎತ್ತಿಡಿ. ಇದು ರಿಪೇರಿಯ ದುಡ್ಡು. ಕೈಯಲ್ಲಿದ್ದದ್ದನ್ನೆಲ್ಲ ಕಾರಿಗೇ ಸುರಿದವರ ಕಾರು ಮೂರನೇ ತಿಂಗಳಲ್ಲಿ ಮನೆ ಮುಂದೆ ಹೊದಿಕೆ ಹೊದ್ದುಕೊಂಡು ನಿಂತಿರುತ್ತದೆ. ಇನ್ನೊಂದು ಮಾತು: ಕಾರು ಹಳೆಯದಾಗಿ ಬೆಲೆ ಇಳಿದಿರಬಹುದು, ಆದರೆ ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಹೊಸದಾಗಿದ್ದಾಗ ಶ್ರೀಮಂತರ ಕಾರಾಗಿದ್ದದ್ದು ಇವತ್ತಿಗೂ ಶ್ರೀಮಂತರ ರಿಪೇರಿಯನ್ನೇ ಕೇಳುತ್ತದೆ.

ಎಷ್ಟು ಶಕ್ತಿ ಸಾಕು?

ನನ್ನ ಪ್ರಕಾರ ನೂರು, ನೂರೈವತ್ತು ಅಶ್ವಶಕ್ತಿ ಧಾರಾಳ ಸಾಕು. ತೂಕ ಮಾತ್ರ ಕಡಿಮೆ ಇರಬೇಕು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ನೋಡಿ. 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ, ತೂಕ ಒಂದು ಟನ್ನಿಗೂ ಕಮ್ಮಿ. ಕಾಗದದ ಮೇಲೆ ಇದು ಏನೇನೂ ಅಲ್ಲ. ಆದರೂ ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ಅದೇ. 2016ರಲ್ಲೇ ಹತ್ತು ಲಕ್ಷ ಕಾರು ತಯಾರಾಗಿತ್ತು. ಹಗುರಾದ ಕಾರಿನಲ್ಲಿ ಬ್ರೇಕ್ ಬೇಗ ಹಿಡಿಯುತ್ತದೆ, ಟೈರ್ ನಿಧಾನವಾಗಿ ಸವೆಯುತ್ತದೆ, ತಿರುವಿನಲ್ಲಿ ಚಕ್ರಗಳು ಏನು ಮಾಡುತ್ತಿವೆ ಅನ್ನುವುದು ಸ್ಟೇರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಸಾಧಾರಣ ವೇಗದಲ್ಲೇ ಖುಷಿ ಸಿಗುತ್ತದೆ ಅನ್ನುವುದು ದೊಡ್ಡ ಲಾಭ. ಮುನ್ನೂರು ಅಶ್ವಶಕ್ತಿಯ ಕಾರಿನಲ್ಲಿ ಅದೇ ಖುಷಿ ಬರಬೇಕಾದರೆ ರಸ್ತೆಯ ವೇಗಮಿತಿಯನ್ನು ಎಂದೋ ದಾಟಿರಬೇಕಾಗುತ್ತದೆ.

ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಒಂದು ಗುಣ ಇದೆ, ಅದನ್ನು ಮೊದಲೇ ತಿಳಿದಿರಬೇಕು. ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಲರೇಟರ್ ಜೋರಾಗಿ ತುಳಿದರೆ ಹಿಂಭಾಗ ಜಾರುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ತಿರುವಿನ ಮಧ್ಯೆ ಹೆದರಿ ಥಟ್ಟನೆ ಕಾಲು ತೆಗೆದರೂ ಅದು ಜಾರಬಹುದು. ಕಾಲು ತೆಗೆದ ಕೂಡಲೇ ತೂಕ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರಗಳು ಹಗುರಾಗಿ ಹಿಡಿತ ಬಿಡುತ್ತವೆ. ಎಂಜಿನ್ ಸೀಟಿನ ಹಿಂದೆ ಇರುವ ಕಾರಿನಲ್ಲಿ ಇದು ಇನ್ನೂ ಚುರುಕು. ಟೊಯೋಟಾ ಎಂಆರ್2 ಕಾರಿನ ಎರಡನೇ ತಲೆಮಾರು 1989ರಲ್ಲಿ ಬಂದಾಗ ಈ ಕಾರಣಕ್ಕೇ ಹೆಸರು ಕೆಡಿಸಿಕೊಂಡಿತು. ಕಂಪನಿ ಆಮೇಲೆ ಸಸ್ಪೆನ್ಷನ್ ತಿದ್ದಿತು. ಒಳ್ಳೇ ಕಾರೇ, ಆದರೆ ಎರಡನೇ ಕಾರಾಗಲಿ.

ಮುಂದಿನ ಚಕ್ರಗಳಿಂದ ಓಡುವ ಚುರುಕು ಹ್ಯಾಚ್‌ಬ್ಯಾಕ್ ಅಥವಾ ಕೂಪೆಯನ್ನು ಕಡೆಗಣಿಸಬೇಡಿ. 1999ರಿಂದ 2006ರವರೆಗೆ ಬಂದ ಕೊನೆಯ ತಲೆಮಾರಿನ ಟೊಯೋಟಾ ಸೆಲಿಕಾ ಇಂಥದ್ದು. ಗೆಳೆಯರು ಮೂಗು ಮುರಿಯಬಹುದು, ಮುರಿಯಲಿ ಬಿಡಿ.

ಯಾವ ವರ್ಷದ್ದು ಅನ್ನುವುದು ಯಾಕೆ ಮುಖ್ಯ

ಹಳೆಯದು ಅಂದರೆ ಎಷ್ಟು ಹಳೆಯದು? ಉತ್ತರ ಸುರಕ್ಷತೆಯ ಸಾಧನಗಳಲ್ಲಿದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮತ್ತು ಏರ್‌ಬ್ಯಾಗ್ ಇಲ್ಲದ ಕಾರನ್ನು ಹೊಸ ಚಾಲಕರು ಮುಟ್ಟದಿರುವುದೇ ಒಳ್ಳೆಯದು. ಅದರಾಚೆ ನೋಡಬೇಕಾದದ್ದು ಇಎಸ್‌ಸಿ. ಕಾರು ಜಾರಲು ಶುರುವಾದಾಗ ಒಂದೊಂದೇ ಚಕ್ರಕ್ಕೆ ಬೇಕಾದಷ್ಟು ಬ್ರೇಕ್ ಹಾಕಿ ಕಾರನ್ನು ದಾರಿಗೆ ತರುವ ವ್ಯವಸ್ಥೆ ಇದು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪ್ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು. ಅದಕ್ಕೆ ಹಿಂದಿನ ಕಾರಾದರೆ ಒಂದೊಂದನ್ನೂ ಪರಿಶೀಲಿಸಬೇಕು. ಮೊದಲ ತಲೆಮಾರಿನ ಎಂಎಕ್ಸ್-5ನಲ್ಲಿ ಇದಿಲ್ಲ. ಹೋಂಡಾ ಎಸ್2000ದ ಮೊದಲ ವರ್ಷಗಳ ಕಾರುಗಳಲ್ಲೂ ಇಲ್ಲ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 9,000 ಸುತ್ತಿನವರೆಗೆ ಕೂಗುತ್ತದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೂ ಮೊದಲ ಕಾರಲ್ಲ.

ಇದನ್ನೆಲ್ಲ ತೂಗಿ ನೋಡಿದರೆ 2012ರಲ್ಲಿ ಬಂದ ಟೊಯೋಟಾ ಜಿಟಿ86 ಮತ್ತು ಅದರ ಅವಳಿ ಸುಬಾರು ಬಿಆರ್‌ಜೆಡ್ ಒಳ್ಳೆಯ ಆಯ್ಕೆ ಅನ್ನಿಸುತ್ತದೆ. ಸುಮಾರು 200 ಅಶ್ವಶಕ್ತಿ, ಅಂದರೆ ನಾನು ಹಾಕಿದ ಗೆರೆಗಿಂತ ಸ್ವಲ್ಪ ಮೇಲೆ. ಆದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಟರ್ಬೊ ಇಲ್ಲ, ಶಕ್ತಿ ಮೆಲ್ಲಗೆ ಏರುತ್ತದೆ, ಇಎಸ್‌ಸಿ ಇದೆ. ಮೊದಲ ವರ್ಷದ ಕಾರಾದರೆ ವಾಲ್ವ್ ಸ್ಪ್ರಿಂಗ್ ಬದಲಿಸಲು ಕಂಪನಿ ವಾಪಸ್ ಕರೆಸಿಕೊಂಡಿದ್ದ ಕೆಲಸ ಮುಗಿದಿದೆಯಾ ಅಂತ ಕೇಳಿ.

ಎಂಎಕ್ಸ್-5ನಂಥ ಕಾರಿನಲ್ಲಿ ಎರಡೇ ಸೀಟು ಅನ್ನುವುದು ಕೊರತೆ ಅಂತ ಹಲವರು ಹೇಳುತ್ತಾರೆ. ನನಗೆ ಅದು ಒಳ್ಳೆಯದೇ ಅನ್ನಿಸುತ್ತದೆ. ಚಿಕ್ಕ ವಯಸ್ಸಿನ ಚಾಲಕರ ಜೊತೆ ಅದೇ ವಯಸ್ಸಿನ ಗೆಳೆಯರು ಹೆಚ್ಚಾದಷ್ಟೂ ಅಪಘಾತದ ಅಪಾಯ ಹೆಚ್ಚುತ್ತದೆ ಅನ್ನುವುದು ಅಧ್ಯಯನಗಳಲ್ಲಿ ಕಂಡ ವಿಷಯ. ಹಿಂದೆ ಕೂತು ‘ಇನ್ನೂ ಜೋರಾಗಿ ಓಡ್ಸೋ’ ಅನ್ನುವವರಿಗೆ ಜಾಗವೇ ಇಲ್ಲದಿದ್ದರೆ ತಲೆನೋವು ಕಮ್ಮಿ, ಅಲ್ವಾ?

ಪ್ರತಿ ಕಾರಿಗೂ ಒಂದು ಕಾಯಿಲೆ

ಹಳೇ ಕಾರುಗಳ ಕಾಯಿಲೆಗಳು ಗುಟ್ಟೇನಲ್ಲ. ಮಾದರಿ ಯಾವುದು ಅಂತ ಗೊತ್ತಿದ್ದರೆ ಎಲ್ಲಿ ನೋಡಬೇಕು ಅನ್ನುವುದೂ ಗೊತ್ತಿರುತ್ತದೆ.

ಎಂಎಕ್ಸ್-5ಗೆ ತುಕ್ಕೇ ಶತ್ರು. ಮೇಲಿನ ಬಟ್ಟೆಯ ಚಾವಣಿಯಿಂದ ಇಳಿಯುವ ನೀರು ಹೊರಹೋಗುವ ರಂಧ್ರಗಳು ಕಸದಿಂದ ಕಟ್ಟಿಕೊಳ್ಳುತ್ತವೆ. ನೀರು ಒಳಗೇ ನಿಂತು, ಹಿಂದಿನ ಚಕ್ರದ ಮುಂದಿರುವ ಬಾಗಿಲ ಕೆಳಗಿನ ಪಟ್ಟಿ ಒಳಗಿನಿಂದ ತುಕ್ಕು ಹಿಡಿದು ಹೋಗುತ್ತದೆ. ಹೊರಗೆ ಒಂದು ಸಣ್ಣ ಗುಳ್ಳೆ ಕಂಡರೆ ಒಳಗೆ ಅಂಗೈ ಅಗಲ ಹೋಗಿದೆ ಅಂತ ತಿಳಿಯಿರಿ. 1990ರ ಸುಮಾರಿನ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಮುಂತುದಿ ಸವೆಯುವ ದೋಷವೂ ಇತ್ತು.

ಮಜ್ದಾ ಆರ್‌ಎಕ್ಸ್-8 ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ಕಡಿಮೆ ದುಡ್ಡಿಗೆ ಸಿಗುವ ಚಂದದ ಕಾರುಗಳಲ್ಲಿ ಹುಡುಗರನ್ನು ಸೆಳೆಯುವುದು ಇದೇ. 2003ರಿಂದ 2012ರವರೆಗೆ ಬಂತು. ಇದರಲ್ಲಿ ಪಿಸ್ಟನ್ ಇಲ್ಲ. ತ್ರಿಕೋನ ಆಕಾರದ ರೋಟರ್ ತಿರುಗುತ್ತದೆ. ರೋಟರ್ ಮೂಲೆಗಳ ಸೀಲ್‌ಗಳಿಗೆ ಜಾರುವಿಕೆ ಬೇಕು ಅಂತ ಎಂಜಿನ್ ತಾನಾಗಿಯೇ ಸ್ವಲ್ಪ ಆಯಿಲ್ ಸುಡುತ್ತದೆ. ಇದು ದೋಷವಲ್ಲ, ಮಾಡಿದ್ದೇ ಹಾಗೆ. ಆಯಿಲ್ ಮಟ್ಟ ಆಗಾಗ ನೋಡದ ಮಾಲೀಕನ ಕೈಯಲ್ಲಿ ಸೀಲ್ ಸವೆಯುತ್ತದೆ, ಎಂಜಿನ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಬೀಳುತ್ತದೆ, ಎಂಜಿನ್ ಬಿಸಿಯಾಗಿದ್ದಾಗ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಹಾಗಾಗಿ ಈ ಕಾರನ್ನು ನೋಡುವಾಗ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಕಂಪ್ರೆಷನ್ ನೋಡಲು ಮಾಮೂಲಿ ಗೇಜ್ ಸಾಲದು, ರೋಟರಿಗೆಂದೇ ಬೇರೆ ಉಪಕರಣ ಇದೆ. ಅದು ಇರುವ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೆ ಈ ಕಾರಿನ ಆಸೆ ಬಿಡಿ.

ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು ಈಗ ಅಗ್ಗ. ಅದರ ಎಂಜಿನ್ ಒಳಗಿನ ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್ ಒಡೆದರೆ ಎಂಜಿನ್ನೇ ಹೋಗುತ್ತದೆ. ಬೇರಿಂಗ್ ಬದಲಿಸಿದ ರಸೀದಿ ಕೇಳಿ. ಅದಿದ್ದರೂ ಬಿಡಿಭಾಗಗಳ ಬೆಲೆ ನೆನಪಿರಲಿ.

ಕಾಗದ, ಆಮೇಲೆ ಕಾರು

ಮಾಲೀಕನಿಗೆ ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ‘ಸರ್ವಿಸ್ ರಸೀದಿಗಳಿವೆಯಾ?’ ಕಟ್ಟುಗಟ್ಟಲೆ ರಸೀದಿ ಇಟ್ಟುಕೊಂಡವರು ಕಾರನ್ನೂ ಹಾಗೇ ನೋಡಿಕೊಂಡಿರುತ್ತಾರೆ. ರಸೀದಿಗಳಲ್ಲಿ ಬರೆದ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿದೆಯಾ ನೋಡಿ. ನಡುವೆ ಎಲ್ಲೋ ಇಳಿದಿದ್ದರೆ ಮೀಟರ್ ತಿರುಗಿಸಿರಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದ್ದು ಅಂತ ಬರಹದಲ್ಲಿ ಇರಬೇಕು. ಬಾಯಿಮಾತು ನಡೆಯುವುದಿಲ್ಲ. ಪೋರ್ಷೆ 944ನಂಥ ಕಾರಿನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ.

ಚಾಸಿ ನಂಬರ್ ಸಾಮಾನ್ಯವಾಗಿ 17 ಅಕ್ಷರ, ಅಂಕಿಗಳದ್ದು. ಕಾಗದದಲ್ಲಿರುವುದೂ ಕಾರಿನ ಮೇಲಿರುವುದೂ ಒಂದೊಂದು ಅಕ್ಷರ ತಾಳೆಯಾಗಬೇಕು. ಅದೇ ನಂಬರ್ ಕೊಟ್ಟು ಕಂಪನಿಯ ಮರುಕರೆ (ರೀಕಾಲ್) ಬಾಕಿ ಇದೆಯಾ ಅಂತ ವಿಚಾರಿಸಿ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ವಿಷಯವೊಂದೇ ಇದಕ್ಕೆ ಸಾಕಷ್ಟು ಕಾರಣ. ಅವುಗಳ ಇನ್‌ಫ್ಲೇಟರ್ ವಯಸ್ಸಾದಂತೆ ಕೆಟ್ಟು, ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರುಗಳನ್ನು ಸಿಡಿಸುತ್ತಿತ್ತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಅದರಲ್ಲಿ ಆರ್‌ಎಕ್ಸ್-8 ಕೂಡ ಇತ್ತು. ಈ ಕೆಲಸಕ್ಕೆ ಕಂಪನಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ನೋಡಲು ಹೋದ ದಿನ

ಹಗಲಲ್ಲಿ ಹೋಗಿ, ಮಳೆ ಇಲ್ಲದ ಹೊತ್ತಲ್ಲಿ ಹೋಗಿ. ನಾನು ಒಮ್ಮೆ ಮುಸ್ಸಂಜೆ ತುಂತುರು ಮಳೆಯಲ್ಲಿ ಕಾರು ನೋಡಿ ಮುಂಗಡ ಕೊಟ್ಟುಬಂದೆ. ಮಾರನೇ ದಿನ ಬಿಸಿಲಲ್ಲಿ ನೋಡಿದರೆ ಬಲಗಡೆಯ ಎರಡು ಭಾಗಗಳ ಬಣ್ಣವೇ ಬೇರೆ! ನೀರು ಕೂತ ಬಾಡಿಯಲ್ಲಿ ಎಲ್ಲ ಬಣ್ಣವೂ ಹೊಳೆಯುತ್ತದೆ.

ಎಂಜಿನ್ ತಣ್ಣಗಿರಬೇಕು. ‘ನಾನು ಬಂದಮೇಲೇ ಸ್ಟಾರ್ಟ್ ಮಾಡಿ’ ಅಂತ ಮೊದಲೇ ಹೇಳಿಡಿ. ಆದರೂ ಬಾನೆಟ್ ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ ಇರಲಿ. ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಸಿಹಿ ವಾಸನೆಯೂ ಇದ್ದರೆ, ಎಂಜಿನ್ ತಣ್ಣಗಿಡುವ ಕೂಲೆಂಟ್ ಒಳಗೆ ಸೋರುತ್ತಿದೆ.

ಟೈರಿನ ಪಕ್ಕದ ಮೈಮೇಲೆ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಗೀರು ಆಳವಾಗಿಯೇ ಇದ್ದು ರಬ್ಬರ್ ಮಾತ್ರ ಗಟ್ಟಿಯಾಗಿ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ಇಂಥ ಟೈರ್ ಸಾಬೂನಿನಂತೆ. ನಾಲ್ಕೂ ಬೇರೆಬೇರೆ ಕಂಪನಿಯ ಅಗ್ಗದ ಟೈರ್‌ಗಳಾಗಿದ್ದರೆ ಮಾಲೀಕ ಇನ್ನೆಲ್ಲೆಲ್ಲಿ ಹೀಗೆ ಕೈ ಬಿಗಿ ಹಿಡಿದಿದ್ದಾನೋ ಅಂತ ಯೋಚಿಸಿ.

ಮಾರ್ಪಾಡು ಮಾಡಿದ ಕಾರು ಬೇಡ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದು, ಟರ್ಬೊ ಆಮೇಲೆ ಕೂರಿಸಿದ್ದು, ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕಿದ್ದು, ಯಾವುದೂ ಬೇಡ. ಇನ್ಶೂರೆನ್ಸ್‌ಗೂ ತೊಡಕು.

ಓಡಿಸಿ ನೋಡುವಾಗ

ರೇಡಿಯೋ ಬಂದ್, ಕಿಟಕಿ ಇಳಿಸಿ. ಮಾತಾಡುವ ಮಾಲೀಕನಿಗೆ ‘ಸ್ವಲ್ಪ ಸುಮ್ನಿರಿ’ ಅನ್ನಲು ಸಂಕೋಚ ಬೇಡ. ಎಂಜಿನ್ ಬಿಸಿಯಾಗುವ ತನಕ ಮೆಲ್ಲಗೆ ಓಡಿಸಿ, ಆಮೇಲೆ ಮೇಲಿನ ಗೇರ್‌ನಲ್ಲಿ ಕಮ್ಮಿ ವೇಗದಿಂದ ಪೂರ್ತಿ ಆಕ್ಸಲರೇಟರ್ ಕೊಡಿ. ಎಂಜಿನ್ ಸುತ್ತು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಮೂರರಿಂದ ಎರಡಕ್ಕೆ ಗೇರ್ ಇಳಿಸುವಾಗ ಕರ್ ಅಂದರೆ ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊ ಸವೆದಿದೆ, ಯಾರೋ ಜೋರಾಗಿ ಓಡಿಸಿರಬಹುದು. ಖಾಲಿ ನೇರ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್, ಒಂದು ಪಕ್ಕಕ್ಕೆ ಎಳೆದರೆ ಕ್ಯಾಲಿಪರ್ ನೋಡಿಸಬೇಕು.

ಇಷ್ಟಾದ ಮೇಲೂ ಕಾರು ಇಷ್ಟವಾದರೆ, ಆ ಮಾದರಿಯನ್ನು ಬಲ್ಲ ಮೆಕ್ಯಾನಿಕ್ ಹತ್ತಿರ ಒಯ್ದು ಲಿಫ್ಟ್ ಮೇಲೆ ಏರಿಸಿ ತೋರಿಸಿ. ಮಾಲೀಕನ ಪರಿಚಯದ ಮೆಕ್ಯಾನಿಕ್ ಬೇಡ, ನಿಮ್ಮವನೇ ಆಗಲಿ. ಒಯ್ಯಲು ಮಾಲೀಕ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಮನೆಗೆ ತಂದ ಮೇಲೆ

ಹೊಸ ಸ್ಟೀರಿಯೊ, ಹೊಸ ವೀಲ್ ಎಲ್ಲ ಆಮೇಲೆ. ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲ್ ಇಳಿಜಾರಿನಲ್ಲಿ ಕಾದರೆ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ಆಮೇಲೆ ನಾಲ್ಕು ಒಳ್ಳೇ ಟೈರ್.

ಮೊದಲ ಮಳೆ ಬಿದ್ದ ದಿನ, ಅನುಭವಿ ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನುಮತಿ ಇರುವ ಖಾಲಿ ಮೈದಾನಕ್ಕೆ ಹೋಗಿ. ಎರಡನೇ ಗೇರ್, ನಿಧಾನ ವೇಗ. ಸ್ಟೇರಿಂಗ್ ತಿರುಗಿಸಿ, ಬ್ರೇಕ್ ಒತ್ತಿ, ಎಬಿಎಸ್ ಕಾಲಿನ ಕೆಳಗೆ ಟರ್ ಅಂತ ಒದರುವುದು ಹೇಗಿರುತ್ತದೆ ನೋಡಿ. ಹಿಂಭಾಗ ಜಾರುವ ಮುಂಚೆ ಸೀಟು ಸೊಂಟಕ್ಕೆ ಏನು ಹೇಳುತ್ತದೆ ಅನ್ನುವುದು ಮೂರ್ನಾಲ್ಕು ಸುತ್ತಿನಲ್ಲೇ ತಿಳಿಯುತ್ತದೆ. ಜಿಟಿ86ನಂಥ ಕಾರಾದರೆ ಇಎಸ್‌ಸಿ ಬಟನ್ ಮುಟ್ಟಬೇಡಿ, ಮೊದಲ ವರ್ಷ ಪೂರ್ತಿ.