ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸ್‌ಗೆ ಊರಿನವರು ಬಂದಾಗ

ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸ ಅಂದ ಮೇಲೆ ಊರಿನಿಂದ ಜನ ಬರುವುದು ಇದ್ದದ್ದೇ. ಬರಲಿ, ಬರಲೇಬೇಕು. ಆದರೆ ಯಾವಾಗ ಬರಬೇಕು ಅನ್ನುವುದನ್ನು ಮಾತ್ರ ನೀವೇ ಹೇಳಿ. ನನ್ನ ಕೇಳಿದರೆ ದಸರಾ ರಜೆಯೇ ಸರಿ. ಊರಿನಲ್ಲಿ ಮಕ್ಕಳಿಗೆ ಶಾಲೆ ಇರುವುದಿಲ್ಲ. ಇಲ್ಲಿ ಬಿಸಿಲು ಇಳಿದಿರುತ್ತದೆ, ನವೆಂಬರಿನ ಹೊಗೆ ಇನ್ನೂ ಕವಿದಿರುವುದಿಲ್ಲ. ಸಂಸತ್ತಿನ ಮಳೆಗಾಲದ ಅಧಿವೇಶನ ಮುಗಿದು, ಚಳಿಗಾಲದ್ದು ಶುರುವಾಗಿರುವುದಿಲ್ಲ. ಪಾರ್ಲಿಮೆಂಟ್ ಪ್ರಶ್ನೆಗೆ ಉತ್ತರ ಸಿದ್ಧ ಮಾಡುವ ಸೆಕ್ಷನ್‌ನಲ್ಲಿ ಇರುವವರಿಗೆ ಅಧಿವೇಶನದಲ್ಲಿ ರಜೆ ಸಿಗುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ? ಫೆಬ್ರವರಿಯಲ್ಲೂ ಹವೆ ಚೆನ್ನ, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ತೆರೆದಿರುತ್ತದೆ. ಆದರೆ ಆಗ ಬಜೆಟ್ ಅಧಿವೇಶನ, ಬೆನ್ನಿಗೇ ಮಾರ್ಚ್‌ನ ವರ್ಷಾಂತ್ಯದ ಲೆಕ್ಕ. ಮನೆಗೆ ಬಂದವರ ಮುಖ ನೋಡುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ರೈಲಿನ ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಆಗಲೇ ಮಾಡಿಸಿಬಿಡಿ.

ವರ್ಷಕ್ಕೆ ನಮಗಿರುವುದು 8 ಸಿಎಲ್, ಅಂದರೆ ಕ್ಯಾಶುಯಲ್ ಲೀವ್. ಅದನ್ನು ನೆಂಟರು ಬಂದ ದಿನವೇ ಖರ್ಚು ಮಾಡಬೇಡಿ. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರಿಗೆ ಆ ದಿನ ಬೇಕಾಗಿರುವುದು ಬಿಸಿನೀರು, ಸಾರು ಅನ್ನ, ನಿದ್ದೆ. ಗುರುವಾರ ಬಂದು ಇಳಿಯುವ ಹಾಗೆ ನೋಡಿಕೊಂಡು ಶುಕ್ರವಾರ ರಜೆ ಹಾಕಿ, ಶನಿವಾರ ಭಾನುವಾರ ಹೇಗೂ ನಿಮ್ಮದೇ. ಸೋಮವಾರ ರಜೆ ಹಾಕಿದರೆ ದಂಡ. ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ, ಅಕ್ಷರಧಾಮ, ಲೋಟಸ್ ಟೆಂಪಲ್ ಎಲ್ಲವೂ ಸೋಮವಾರವೇ ಮುಚ್ಚಿರುತ್ತವೆ. ಶುಕ್ರವಾರ ತಾಜ್ ಮಹಲ್ ಮುಚ್ಚಿರುತ್ತದೆ, ಭಾನುವಾರ ಚಾಂದನಿ ಚೌಕದ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಕೆಂಪು ಕೋಟೆ ಮತ್ತು ಚಾಂದನಿ ಚೌಕ, ಶನಿವಾರ ಆಗ್ರಾ, ಭಾನುವಾರ ಇಂಡಿಯಾ ಗೇಟ್ ಕಡೆ. ಆಗ್ರಾಕ್ಕೆ ನಿಜಾಮುದ್ದೀನ್ ಸ್ಟೇಷನ್‌ನಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್. ವಯಸ್ಸಾದವರಿಗೆ ಬಸ್ಸಿಗಿಂತ ಇದು ಎಷ್ಟೋ ವಾಸಿ.

ಸೋಮವಾರದಿಂದ ನೀವು ಆಫೀಸಿಗೆ ಹೋಗುತ್ತೀರಿ. ಅವರನ್ನು ಸುಮ್ನೆ ಮನೆಯಲ್ಲಿ ಟಿವಿ ಮುಂದೆ ಕೂರಿಸಬೇಡಿ. ಹಿಂದಿ ಬರದ ಅತ್ತೆ ಮಾವ ಕೂಡ ಮೆಟ್ರೊದಲ್ಲಿ ತಾವಾಗಿಯೇ ಓಡಾಡಬಲ್ಲರು, ಕಲಿಸುವವರು ಬೇಕು ಅಷ್ಟೆ. ಬಂದ ದಿನ ಸಂಜೆಯೇ ಹತ್ತಿರದ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ಎರಡು ಸ್ಟೇಷನ್ ಆಚೆ ಹೋಗಿ ವಾಪಸ್ ಬನ್ನಿ. ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್ ಕೊಡಿಸಿ, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವುದಕ್ಕೆ ಆಗುವುದಿಲ್ಲ. ಕಾರ್ಡನ್ನು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಮುಟ್ಟಿಸಬೇಕು ಅಂತ ಅವರ ಕೈಯಲ್ಲೇ ಮಾಡಿಸಿ. ಅನೌನ್ಸ್‌ಮೆಂಟ್ ಹಿಂದಿ, ಇಂಗ್ಲಿಷಿನಲ್ಲಿ ಬರುತ್ತದೆ. ಅದು ಅರ್ಥವಾಗದಿದ್ದರೂ ಪರವಾಗಿಲ್ಲ, ಸ್ಟೇಷನ್ ಎಣಿಸಲು ಹೇಳಿ. 'ಇಲ್ಲಿಂದ ಏಳನೆಯದು ನಮ್ಮದು' ಅಂದರೆ ಯಾರಿಗೂ ತಪ್ಪುವುದಿಲ್ಲ.

ಒಂದು ಚೀಟಿಯಲ್ಲಿ ಹಿಂದಿಯಲ್ಲಿ ದಪ್ಪ ಅಕ್ಷರದಲ್ಲಿ ಕ್ವಾರ್ಟರ್ ನಂಬರು, ಸೆಕ್ಟರು, ಮೆಟ್ರೊ ಸ್ಟೇಷನ್ ಹೆಸರು, ಯಾವ ಗೇಟಿನಿಂದ ಹೊರಗೆ ಬರಬೇಕು, ನಿಮ್ಮ ಮೊಬೈಲ್ ನಂಬರು ಇಷ್ಟನ್ನೂ ಬರೆಯಿರಿ. ಒಂದು ಮಾವನ ಜೇಬಿಗೆ, ಇನ್ನೊಂದು ಅತ್ತೆಯ ಪರ್ಸಿಗೆ. ಫೋನಿನಲ್ಲಿ ಇದೆಯಲ್ಲ ಅಂತ ಬಿಡಬೇಡಿ, ಫೋಟೊ ತೆಗೆದೂ ತೆಗೆದೂ ಮಧ್ಯಾಹ್ನಕ್ಕೇ ಚಾರ್ಜ್ ಮುಗಿದಿರುತ್ತದೆ. ಬಾಗಿಲು ಮುಚ್ಚಿ ಒಬ್ಬರು ಒಳಗೆ, ಒಬ್ಬರು ಹೊರಗೆ ಆದರೆ ಏನು ಮಾಡಬೇಕು ಅಂತಲೂ ಮೊದಲೇ ಹೇಳಿಡಿ. ಒಳಗಿದ್ದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೇ ನಿಲ್ಲಬೇಕು. ಉಳಿದವರು ಅದರ ಹಿಂದೆಯೇ ಬರುವ ರೈಲಿನಲ್ಲಿ ಬಂದು ಅಲ್ಲೇ ಇಳಿಯಬೇಕು. ಇದೊಂದು ಗೊತ್ತಿದ್ದರೆ ಗಾಬರಿ ಇರುವುದಿಲ್ಲ. ಎಲೆ ಅಡಿಕೆ ಹಾಕುವವರು ಅಡಕತ್ತರಿಯನ್ನು ಮನೆಯಲ್ಲೇ ಬಿಡಲಿ, ತಪಾಸಣೆಯಲ್ಲಿ ತಕರಾರು. ಆಫೀಸಿನ ಜನಜಂಗುಳಿ ಇಳಿದ ಮೇಲೆ, ಹನ್ನೊಂದರ ಹೊತ್ತಿಗೆ ಹೊರಟು ಸಂಜೆ ಐದರೊಳಗೆ ಮನೆ ಸೇರಲಿ. ಮೊದಲ ಸಲಕ್ಕೆ ಕುತುಬ್ ಮಿನಾರ್ ಒಳ್ಳೆಯದು, ಸೋಮವಾರವೂ ತೆರೆದಿರುತ್ತದೆ.

ನಿಮ್ಮ ಆಫೀಸು ನೋಡಬೇಕು ಅಂತ ಅವರಿಗೆ ಆಸೆ ಇರುತ್ತದೆ, ಸಹಜ. ಪಾಸ್ ಮಾಡಿಸಿಕೊಡಿ ಅಂತ ರಿಸೆಪ್ಷನ್‌ನವರಿಗೆ ದುಂಬಾಲು ಬೀಳುವುದು ಬೇಡ. ಭಾನುವಾರ ಸಂಜೆ ವಿಜಯ್ ಚೌಕದಲ್ಲಿ ನಿಲ್ಲಿಸಿ ನಾರ್ತ್ ಬ್ಲಾಕ್, ಸೌತ್ ಬ್ಲಾಕ್, ಹೊಸ ಸಂಸತ್ ಭವನ ತೋರಿಸಿ, ದಿನಾ ನೀವು ಯಾವ ದಾರಿಯಲ್ಲಿ ಬರುತ್ತೀರಿ ಅಂತ ಹೇಳಿ. ನನ್ನ ಅಪ್ಪ ಅಲ್ಲಿ ನಿಂತು ನೋಡಿದ್ದನ್ನೇ ಊರಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡಿದ್ದರು. ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೂ ಕರೆದುಕೊಂಡು ಹೋಗಿ, ಟಿಕೆಟ್ ಇಲ್ಲ. ಗೋಡೆಯ ಮೇಲೆ ಹುತಾತ್ಮರ ಹೆಸರುಗಳಿವೆ. ಸೈನ್ಯದಲ್ಲಿದ್ದವರ ಮನೆಯವರಾದರೆ ಅಲ್ಲಿ ಹೊತ್ತು ಜಾಸ್ತಿ ಬೇಕು, ಅವಸರ ಮಾಡಬೇಡಿ. ಆಫೀಸಿನ ಕಾರನ್ನು ಮಾತ್ರ ಇದಕ್ಕೆಲ್ಲ ಮುಟ್ಟಲೇಬೇಡಿ. ಡ್ರೈವರ್ ತಾನಾಗಿ ಬರುತ್ತೇನೆ ಅಂದರೂ ಬೇಡ. ಅದು ಸರ್ಕಾರದ್ದು.

ಮನೆಯ ವಿಷಯ. ಎರಡು ಕೋಣೆಯ ಕ್ವಾರ್ಟರ್ಸ್‌ಗೆ ಆರು ಜನ ಬಂದರೆ ಹಾಸಿಗೆ ಕೊಳ್ಳಲು ಓಡಬೇಡಿ. ಮಾರ್ಕೆಟ್ಟಿನ ಟೆಂಟ್ ಹೌಸ್‌ನಲ್ಲಿ ಗಾದಿ, ರಜಾಯಿ ದಿನದ ಬಾಡಿಗೆಗೆ ಸಿಗುತ್ತದೆ. ತಂದ ದಿನ ಬಿಸಿಲಿಗೆ ಹಾಕಿ, ಮೇಲೆ ನಿಮ್ಮ ಸ್ವಂತ ಬೆಡ್‌ಶೀಟ್ ಹೊದಿಸಿ. ನಲ್ಲಿ ನೀರು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಮೊದಲ ದಿನವೇ ಹೇಳಿ. ಊರಿನಿಂದ ಸಾರಿನಪುಡಿ, ಚಟ್ನಿಪುಡಿ ತಂದರೆ ಸಾಕು. ತೆಂಗಿನಕಾಯಿ, ಕರಿಬೇವು ಐಎನ್‌ಎ ಮಾರ್ಕೆಟ್‌ನಲ್ಲೇ ಸಿಗುತ್ತದೆ.

ಹೊರಡುವ ದಿನ ಅರ್ಧ ಸಿಎಲ್ ಇಟ್ಟುಕೊಳ್ಳಿ. ಕರ್ನಾಟಕ ಎಕ್ಸ್‌ಪ್ರೆಸ್ ಹೊರಡುವುದು ನವದೆಹಲಿ ಸ್ಟೇಷನ್‌ನಿಂದ. ಅಲ್ಲಿ ಮೆಟ್ರೊ ಇಳಿಯುವುದು ಅಜ್ಮೇರಿ ಗೇಟ್ ಕಡೆ, ಒಂದನೇ ಪ್ಲಾಟ್‌ಫಾರಂ ಇರುವುದು ಪಹಾಡ್‌ಗಂಜ್ ಕಡೆ. ಪ್ಲಾಟ್‌ಫಾರಂ ನಂಬರು ನೋಡಿಕೊಂಡೇ ಮನೆ ಬಿಡಿ, ಇಲ್ಲದಿದ್ದರೆ ಸೂಟ್‌ಕೇಸ್ ಹೊತ್ತು ಇಡೀ ಸೇತುವೆ ದಾಟಬೇಕಾಗುತ್ತದೆ. ಬುತ್ತಿಗೆ ಮೊದಲ ರಾತ್ರಿಗೆ ಪುಳಿಯೋಗರೆ, ಮರುದಿನಕ್ಕೆ ಚಪಾತಿ ಚಟ್ನಿಪುಡಿ ಕಟ್ಟಿಕೊಡಿ. ಮೊಸರನ್ನ ಬೇಡ, ಬೆಳಗಾಗುವುದರೊಳಗೆ ಹುಳಿಯಾಗುತ್ತದೆ.